ಲೇಬಲ್ಲಿನ ಹೆಸರಿಗೆ ಟ್ರೇಡ್‌ಮಾರ್ಕ್: ಅರ್ಜಿ ಹಾಕಿದ ಮೇಲೆ ಏನೇನು ನಡೆಯುತ್ತದೆ

ಉಡುಪಿಯಲ್ಲಿ ಕೂತು ಟ್ರೇಡ್‌ಮಾರ್ಕ್ ಅರ್ಜಿ ಹಾಕುವುದು ನನ್ನ ಕೆಲಸ. ಬರುವವರು ಹೆಚ್ಚಾಗಿ ಮನೆಯಲ್ಲೇ ಉದ್ಯಮ ನಡೆಸುವವರು: ಮಿಡಿ ಉಪ್ಪಿನಕಾಯಿ, ಹಲಸಿನ ಚಿಪ್ಸ್, ಸಾರಿನ ಪುಡಿ, ಗಾಣದ ತೆಂಗಿನೆಣ್ಣೆ. ಅವರಲ್ಲಿ ಎಷ್ಟೋ ಜನ ಮೊದಲೇ ಎಲ್ಲೋ ಅರ್ಜಿ ಹಾಕಿಸಿ, ನಂಬರ್ ಸಿಕ್ಕಿತಲ್ಲ, ಇನ್ನು ಹೆಸರು ನಮ್ಮದೇ ಅಂತ ನಿಶ್ಚಿಂತೆಯಿಂದ ಇದ್ದವರು. ಸ್ಟೇಟಸ್ ತೆಗೆದು ನೋಡಿದರೆ ‘ಅಬಾಂಡನ್ಡ್’, ಅಂದರೆ ಅರ್ಜಿ ಕೈಬಿಟ್ಟಂತೆ. ಹೆಸರು ಕೆಟ್ಟದ್ದಂತಲ್ಲ, ಬಂದ ಪತ್ರಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಅಷ್ಟೇ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕೇ ಇಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರು. ‘ತಾಜಾ’, ‘ಶುದ್ಧ’, ‘ರುಚಿಕರ’ ಎಂಬಂಥ, ಮಾಲಿನ ಗುಣ ಹೇಳುವ ಪದವನ್ನು ಒಬ್ಬರಿಗೇ ಬರೆದುಕೊಡುವುದಿಲ್ಲ. ಬರೀ ‘ಉಡುಪಿ’, ‘ಮಂಗಳೂರು’ ಎಂಬ ಊರ ಹೆಸರೂ ಹಾಗೇ. ಲೇಬಲ್ಲಿನ ಒಂದು ಭಾಗವಾಗಿ ಇರಬಹುದು, ಆದರೆ ಆ ಪದ ನಿಮ್ಮೊಬ್ಬರದಾಗದು. ಮಟ್ಟುಗುಳ್ಳ, ಉಡುಪಿ ಮಲ್ಲಿಗೆ ಇವಕ್ಕೆ ಭೌಗೋಳಿಕ ಸೂಚಕದ (ಜಿಐ) ರಕ್ಷಣೆ ಇದೆ, ಅವನ್ನು ಮುಟ್ಟಲೇಬೇಡಿ. ನಮ್ಮ ಕಡೆ ದೇವರ ಹೆಸರಿಡುವ ಆಸೆ ಎಲ್ಲರಿಗೂ. ಆದರೆ ‘ರಾಮಾಯಣ’ ಎಂಬ ಹೆಸರನ್ನು ಅಗರಬತ್ತಿಗೆ ಒಬ್ಬರ ಸ್ವತ್ತಾಗಿ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಉಪ್ಪಿನಕಾಯಿಗೆ ‘ಪಡುಗಾಳಿ’ ಅಂತ ಇಟ್ಟರೆ ಹೇಗೆ? ಮಾಲಿಗೂ ಹೆಸರಿಗೂ ಸಂಬಂಧವೇ ಇಲ್ಲ. ಅಂಥ ಹೆಸರೇ ಗಟ್ಟಿ.

ಹೆಸರು ಹೊಳೆದ ಕೂಡಲೇ ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಪಬ್ಲಿಕ್ ಸರ್ಚ್ ಮಾಡಿ, ಅದಕ್ಕೆ ದುಡ್ಡಿಲ್ಲ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯಬಹುದೋ ಅಷ್ಟನ್ನೂ ಹಾಕಿ, ಆಮೇಲೆ ಫೊನೆಟಿಕ್ ಸರ್ಚಿನಲ್ಲೂ ನೋಡಿ. ಸದ್ದು ಒಂದೇ ಆಗಿದ್ದರೆ ಸ್ಪೆಲ್ಲಿಂಗ್ ಬೇರೆ ಎಂಬ ವಾದ ನಿಲ್ಲುವುದಿಲ್ಲ.

ಇನ್ನು ಕ್ಲಾಸ್, ಅಂದರೆ ನಿಮ್ಮ ಮಾಲು ಅಥವಾ ಸೇವೆ ಸೇರುವ ವರ್ಗ. ಒಟ್ಟು 45 ಇವೆ, 34ರ ತನಕ ಸರಕು, ಉಳಿದದ್ದು ಸೇವೆ. ಉಪ್ಪಿನಕಾಯಿ, ಹಲಸಿನ ಚಿಪ್ಸ್, ಹುರಿದ ಗೇರುಬೀಜ 29ರಲ್ಲಿ. ಸಾರಿನ ಪುಡಿ, ಮಸಾಲೆ, ಐಸ್‌ಕ್ರೀಂ 30ರಲ್ಲಿ. ಹೋಟೆಲು 43. ತೆಂಗಿನೆಣ್ಣೆ ಅಡುಗೆಗಾದರೆ 29, ತಲೆಗೆ ಹಚ್ಚುವುದಾದರೆ 3. ಅರ್ಜಿಯ ನಮೂನೆ ಟಿಎಂ-ಎ. ಆನ್‌ಲೈನಿನಲ್ಲಿ ಹಾಕಿದರೆ ಒಂದು ಕ್ಲಾಸಿಗೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ಯಮ ಅಂತ ತೋರಿಸಲು ಸಣ್ಣ ಉದ್ಯಮಗಳ ಸರಕಾರಿ ನೋಂದಣಿಯಾದ ಉದ್ಯಮ್ ಸರ್ಟಿಫಿಕೇಟ್ ಸಾಕು. ಹೆಸರು ಕನ್ನಡದಲ್ಲೋ ತುಳುವಿನಲ್ಲೋ ಇದ್ದರೆ ಅದರ ಉಚ್ಚಾರ, ಅರ್ಥ ಎರಡನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು. ಲೇಬಲನ್ನು ಕಪ್ಪು-ಬಿಳುಪಿನಲ್ಲಿ ಹಾಕಿದರೆ ಎಲ್ಲ ಬಣ್ಣಕ್ಕೂ ರಕ್ಷಣೆ ಸಿಗುತ್ತದೆ.

ಅರ್ಜಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂರುವುದು ಒಂದು ಸಾಲಿನ ಮೇಲೆ: ಈ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ? ಇನ್ನೂ ಶುರು ಮಾಡಿಲ್ಲವಾದರೆ ‘ಪ್ರಪೋಸ್ಡ್ ಟು ಬಿ ಯೂಸ್ಡ್’ ಎಂದರೆ ಮುಗಿಯಿತು. ಹಿಂದಿನ ದಿನಾಂಕ ಹೇಳಿದರೆ ಅಫಿಡವಿಟ್ಟೂ ದಾಖಲೆಯೂ ಬೇಕು. ಪರ್ಕಳದ ಕಡೆಯ ಒಬ್ಬ ಅಕ್ಕ ಎಷ್ಟೋ ವರ್ಷದಿಂದ ಉಪ್ಪಿನಕಾಯಿ ಮಾರುತ್ತಿದ್ದರು. “ಹಳೇ ಬಿಲ್ಲೆಲ್ಲ ಯಾರು ಇಟ್ಕೊಳ್ತಾರೆ ಮೇಡಂ?” ಅಂದರು. ಮನೆಯಲ್ಲಿ ಹುಡುಕಿಸಿದೆ. ಸ್ವೀಟ್ ಬಾಕ್ಸೊಂದರಲ್ಲಿ ಪ್ರೆಸ್ಸಿನ ಬಿಲ್ ಸಿಕ್ಕಿತು, ಆದರೆ ಅದರಲ್ಲಿದ್ದದ್ದು ಬರೀ ‘ಸ್ಟಿಕ್ಕರ್ 1000’. ಹೆಸರಿಲ್ಲದ ಬಿಲ್ಲಿನಿಂದ ಹೆಸರಿನ ಬಳಕೆ ಸಾಬೀತಾಗುವುದಿಲ್ಲ. ಅದರಡಿಯಲ್ಲಿ ರಥಬೀದಿಯ ಅಂಗಡಿಯವರು ಬರೆದುಕೊಟ್ಟ ಆರ್ಡರ್ ಚೀಟಿ ಇತ್ತು. ಬ್ರ್ಯಾಂಡ್ ಹೆಸರು, ಬಾಟಲಿ ಲೆಕ್ಕ, ತಾರೀಕು ಮೂರೂ ಒಂದೇ ಕಾಗದದಲ್ಲಿ. 2018ರಲ್ಲಿ ಕೃಷ್ಣಮಠದ ಪರ್ಯಾಯ ಉತ್ಸವದ ಹೊತ್ತಿಗೆ ಹಾಕಿದ ಸ್ಟಾಲಿನ ರಸೀದಿಯಲ್ಲೂ ಹೆಸರಿತ್ತು. ಆ ಎರಡರ ಮೇಲೇ ಅಫಿಡವಿಟ್ ಮಾಡಿದೆವು. ಇವತ್ತಿನಿಂದಲೇ ಪ್ರತಿ ಬಿಲ್ಲಿನಲ್ಲೂ ಬ್ರ್ಯಾಂಡ್ ಹೆಸರು ಬರುವಂತೆ ನೋಡಿಕೊಳ್ಳಿ.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಹೋಗಿ ಬರಬೇಕಾಗಿಲ್ಲ, ಎಲ್ಲ ಆನ್‌ಲೈನ್. ಲೋಗೋ ಇದ್ದರೆ ಚಿತ್ರಕ್ಕೆ ವಿಯೆನ್ನಾ ಕೋಡ್ (ಚಿತ್ರಗಳನ್ನು ವಿಂಗಡಿಸುವ ಸಂಖ್ಯೆ) ಕೊಡುತ್ತಾರೆ, ದಾಖಲೆ ಸರಿ ಇದೆಯೇ ನೋಡುತ್ತಾರೆ, ಸ್ಟೇಟಸ್ ‘ಫಾರ್ಮಾಲಿಟೀಸ್ ಚೆಕ್ ಪಾಸ್’ ಆಗಿ ಆಮೇಲೆ ‘ಮಾರ್ಕ್ಡ್ ಫಾರ್ ಎಕ್ಸಾಮ್’ ಆಗುತ್ತದೆ. ಇಲ್ಲಿಯವರೆಗೆ ನೀವು ಮಾಡಬೇಕಾದ್ದು ಏನಿಲ್ಲ.

ಪರೀಕ್ಷೆ ಮುಗಿದು ‘ಆಬ್ಜೆಕ್ಟೆಡ್’ ಅಂತ ಬಂದರೆ ಹೆದರಬೇಡಿ, ಅದು ತಿರಸ್ಕಾರವಲ್ಲ. ಪರೀಕ್ಷಕರಿಗೆ ಪ್ರಶ್ನೆಗಳಿವೆ ಎಂದಷ್ಟೇ ಅರ್ಥ. ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 9 ಎಂದಿದ್ದರೆ ಹೆಸರಿಗೆ ಪ್ರತ್ಯೇಕತೆ ಸಾಲದು ಎಂಬ ಆಕ್ಷೇಪ. ಮೊದಲಿಂದ ಬಳಸಿ ಹೆಸರು ನಿಮ್ಮದಾಗಿಯೇ ಗುರುತಾಗಿದೆ ಎಂದು ತೋರಿಸಬೇಕು, ಆ ಹಳೇ ಚೀಟಿ ಇಲ್ಲೇ ಕೆಲಸಕ್ಕೆ ಬರುವುದು. ಸೆಕ್ಷನ್ 11 ಎಂದಿದ್ದರೆ ಇಂಥದ್ದೇ ಹೆಸರು ಬೇರೆಯವರದು ಆಗಲೇ ಇದೆ ಎಂದು. ರಿಪೋರ್ಟಿನಲ್ಲಿ ಆ ಹೆಸರುಗಳ ಪಟ್ಟಿ ಇರುತ್ತದೆ. ಒಂದೊಂದನ್ನೂ ತೆಗೆದು ಮಾಲು ಬೇರೆಯೇ, ನೋಟ ಬೇರೆಯೇ, ಆ ಅರ್ಜಿ ಇನ್ನೂ ಜೀವಂತ ಇದೆಯೇ ನೋಡಿ ಉತ್ತರ ಬರೆಯಬೇಕು. ಎಲ್ಲರಿಗೂ ಅಂಟಿಸುವ ಒಂದೇ ನಮೂನೆಯ ಉತ್ತರದಿಂದ ಪ್ರಯೋಜನವಿಲ್ಲ.

ಅವಧಿ ರಿಪೋರ್ಟ್ ತಲುಪಿದಲ್ಲಿಂದ 30 ದಿನ. ಮೇಲ್ ಬಂದರೆ ತಲುಪಿದಂತೆಯೇ ಲೆಕ್ಕ, ನೀವು ತೆರೆದು ನೋಡಿದಿರೋ ಇಲ್ಲವೋ ಕೇಳುವುದಿಲ್ಲ. ಅರ್ಜಿ ಹಾಕಿಕೊಟ್ಟವರ ಮೇಲ್ ಐಡಿ ಮಾತ್ರ ಕೊಟ್ಟಿದ್ದರೆ ಪತ್ರ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಅರ್ಜಿ ಸಂಖ್ಯೆ ನಿಮ್ಮ ಹತ್ತಿರವೇ ಇರಲಿ, ವಾರಕ್ಕೊಮ್ಮೆ ಸ್ಟೇಟಸ್ ನೀವೇ ನೋಡಿ. ಉತ್ತರ ಸಮಾಧಾನವಾಗದಿದ್ದರೆ ಹಿಯರಿಂಗ್ ಇಡುತ್ತಾರೆ. ವಿಡಿಯೋ ಕರೆಯಲ್ಲೇ ನಡೆಯುತ್ತದೆ. ತಪ್ಪಿಸಬೇಡಿ.

ಒಪ್ಪಿದರೆ ಹೆಸರು ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಬರುತ್ತದೆ, ಅದು ಸೋಮವಾರ ಸೋಮವಾರ ಪ್ರಕಟವಾಗುವುದು. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ದೊಡ್ಡವರು ವಿರೋಧಿಸಿದ ಮಾತ್ರಕ್ಕೆ ಕೈಬಿಡಬೇಕಾಗಿಲ್ಲ. ಕೆಎಂಎಫ್ 1985ರಿಂದ ‘ನಂದಿನಿ’ ಹಾಲು ಮಾರುತ್ತಿತ್ತು. 1989ರಿಂದ ‘ನಂದಿನಿ ಡಿಲಕ್ಸ್’ ಹೋಟೆಲ್ ನಡೆಯುತ್ತಿತ್ತು. ಹೋಟೆಲಿನವರ ಅರ್ಜಿಗೆ ಕೆಎಂಎಫ್ ವಿರೋಧ ಒಡ್ಡಿ, ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರಲ್ಲಿ ಗೆದ್ದದ್ದು ಹೋಟೆಲಿನವರು: ಕ್ಲಾಸ್ ಒಂದೇ ಆದರೂ ಮಾಲು ಬೇರೆ, ಲೋಗೋ ಬೇರೆ, ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಹೋಟೆಲಿನವರಿಗೆ ನೋಂದಣಿ ಇಲ್ಲ. ವಿರೋಧದ ನೋಟಿಸ್ ಬಂದರೆ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸಲೇಬೇಕು. ಇಲ್ಲವಾದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ, ಎಷ್ಟೇ ಬಲವಾದ ದಾಖಲೆ ಇದ್ದರೂ.

ವಿರೋಧ ಬಾರದಿದ್ದರೆ ಸರ್ಟಿಫಿಕೇಟ್ ಆಗುತ್ತದೆ. ಅದಕ್ಕೆ ಬೇರೆ ಶುಲ್ಕವಿಲ್ಲ. ಜರ್ನಲ್ ನೋಡಿ ನಿಮ್ಮ ನಂಬರಿಗೆ ಕರೆ ಮಾಡಿ ‘ಸರ್ಟಿಫಿಕೇಟ್ ಫೀಸ್’ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ವೃತ್ತದೊಳಗಿನ ಆರ್ ಗುರುತು ಇಲ್ಲಿಂದ ಮೇಲೆ ಮಾತ್ರ ಹಾಕಬಹುದು, ಮೊದಲೇ ಹಾಕುವುದು ಕಾನೂನಿಗೆ ವಿರುದ್ಧ, ಅಲ್ಲಿಯವರೆಗೆ ‘ಟಿಎಂ’. ಹತ್ತು ವರ್ಷದ ಅವಧಿ ಅರ್ಜಿ ಹಾಕಿದ ದಿನದಿಂದ ಎಣಿಸುವುದು, ಸರ್ಟಿಫಿಕೇಟ್ ಬಂದ ದಿನದಿಂದಲ್ಲ. ನವೀಕರಣಕ್ಕೆ ಟಿಎಂ-ಆರ್ ನಮೂನೆ, ಆನ್‌ಲೈನಿನಲ್ಲಿ ಕ್ಲಾಸಿಗೆ 9,000 ರೂಪಾಯಿ. ಅವಧಿ ಮುಗಿಯುವ ಮುಂಚಿನ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಹಾಕಬಹುದು.