ಅಳಿಯಗ ಉಂಗುರ ಮಾಡ್ಸೋ ಮುಂದ ಮೊದಲ ಕೈ ನೋಡ್ರಿ, ಮೆಟಲ್ ಆಮ್ಯಾಲ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಲಗ್ನದ ಬಂಗಾರ ಖರೀದಿ ಅಂದ್ರ ತಾಳಿ, ಬಳಿ, ಸರ ಅಂತ ದಾಜಿಬಾನ ಪೇಟಿಯೊಳಗ ಇಡೀ ದಿನ ಕುಂದರ್ತಾರ, ಗಂಡಿನ ಉಂಗುರ ಮಾತ್ರ ಎಲ್ಲಾ ಮುಗದು ಎದ್ದು ಬರೋ ಹೊತ್ತಿಗೆ "ಹಂಗ ಅರ್ಧ ತೊಲಿದ್ದು ಒಂದು ಉಂಗುರಾನೂ ತೋರ್ಸ್ರಿ" ಅಂತ ಹತ್ತು ನಿಮಿಷದಾಗ ಮುಗಿಸಿಬಿಡ್ತಾರ. ಆದ್ರ ಹುಡುಗಿ ಹಾಕ್ಕೊಳ್ಳೋ ಆ ದೊಡ್ಡ ಸರ ವರ್ಷಕ್ಕ ನಾಕೈದು ಸಲ ಲಾಕರ್‌ದಿಂದ ಹೊರಗ ಬಂದ್ರ ಹೆಚ್ಚು, ಅಳಿಯನ ಉಂಗುರ ದಿನಾ ಬೈಕ್ ಹ್ಯಾಂಡಲ್, ಅಂಗಡಿ ಶಟರ್, ಬಸ್ಸಿನ ಕಂಬಿ, ಜಿಮ್ಮಿನ ರಾಡು ಎಲ್ಲಾದಕ್ಕೂ ತಿಕ್ಕತೈತಿ. ಎಲ್ಲಾಕ್ಕಿಂತ ಹೆಚ್ಚು ಪೆಟ್ಟು ತಿನ್ನೋ ಒಡವಿನ ಎಲ್ಲಾಕ್ಕಿಂತ ಕಡಿಮಿ ವಿಚಾರ ಮಾಡಿ ತಗೊಳ್ತೀವಿ.

ಈಗ ಆನ್‌ಲೈನ್ ನೋಡಿದ ಹುಡುಗರು ಟೈಟೇನಿಯಂ, ಟಂಗ್‌ಸ್ಟನ್, ಪ್ಲಾಟಿನಂ ಅಂತ ಬ್ಯಾರೆ ಹೆಸರು ಹೇಳಾಕ ಶುರು ಮಾಡ್ಯಾರ, ಹಿರೇರು "22 ಕ್ಯಾರಟ್ ಬಿಟ್ಟು ಬ್ಯಾರೆ ಮಾತಾಡಬ್ಯಾಡ" ಅಂತಾರ. ಇಬ್ಬರದೂ ಅರ್ಧ ಖರೆ. ಬಾಳಿಕಿ ಬರೋದು ಅಂದ್ರ ಗೀಚ್ ಬೀಳದೇ ಇರೋದು ಒಂದೇ ಅಲ್ಲ, ಬೆರಳು ದಪ್ಪ ಆದ್ರ ಸೈಜ್ ಬದಲಿ ಆಗ್ಬೇಕು, ಬೆರಳಿಗೆ ಪೆಟ್ಟಾದ್ರ ಲಗೂನ ಕತ್ತರಿಸಿ ತಗೀಲಿಕ್ಕ ಬರ್ಬೇಕು, ನಮ್ಮೂರ ಪತ್ತಾರರ ಕೈಯಾಗ ರಿಪೇರಿ ಆಗ್ಬೇಕು. ಇವನ್ನೆಲ್ಲಾ ಇಟ್ಕೊಂಡು ಒಂದೊಂದ ಸ್ಟೆಪ್ ನೋಡೂಣು.

ಸ್ಟೆಪ್ 1: ಕೈ ದಿನಾ ಏನ್ ಕೆಲಸ ಮಾಡತೈತಿ?

ಅಂಗಡಿಗೆ ಹೋಗೋಕಿಂತ ಮೊದಲ ಹುಡುಗನ್ನ ಇದನ್ನ ಕೇಳ್ರಿ. ಬ್ಯಾಂಕು, ಸಾಲಿ, ಕಂಪ್ಯೂಟರ್ ಮುಂದ ಕುಂದ್ರೋ ಕೆಲಸ ಆದ್ರ ಯಾವ ಮೆಟಲ್ ಆದ್ರೂ ನಡೀತೈತಿ, ಸೀದಾ ಮುಂದಿನ ಸ್ಟೆಪ್ಪಿಗೆ ಹೋಗ್ರಿ.

ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಾಗ ಲೇಥ್ ಮ್ಯಾಲೆ ನಿಂದ್ರೋರು, ರೈಲ್ವೆ ವರ್ಕ್‌ಶಾಪಿನೋರು, ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಾಗ ಮಷಿನ್ ಓಡ್ಸೋರು ಇವರ ಕತಿ ಬ್ಯಾರೆ. ಇವರು ಡ್ಯೂಟಿಯೊಳಗ ಯಾವ ಮೆಟಲ್ಲಿಂದೂ ಹಾಕೋಬಾರ್ದು, ತಿರುಗೋ ಮಷಿನ್ನಿಗೆ ಉಂಗುರ ಸಿಕ್ಕ್ರ ಬೆರಳಿನ ಚರ್ಮ-ಮಾಂಸ ಕಿತ್ತಕೊಂಡ ಬರತೈತಿ, ಟ್ರ್ಯಾಕ್ಟರ್ ಟ್ರೇಲರ್ ಮ್ಯಾಲಿಂದ ಕೆಳಗ ಹಾರೋ ಮುಂದ ಉಂಗುರ ಕೊಂಡಿಗೆ ಸಿಕ್ಕೊಂಡ್ರೂ ಅದ ಆಗತೈತಿ. ಗ್ಯಾರೇಜ್ ಹುಡುಗರಿಗೆ ಇನ್ನೊಂದು ಅಪಾಯ ಐತಿ, ಬ್ಯಾಟರಿ ಬಿಚ್ಚೋವಾಗ ಪಾನಾ ಒಂದು ಟರ್ಮಿನಲ್ಲಿಗೆ, ಉಂಗುರ ಬಾಡಿಗೆ ತಾಗಿ ಶಾರ್ಟ್ ಆದ್ರ ಬರೇ 12 ವೋಲ್ಟ್ ಇದ್ರೂ ಉಂಗುರ ಕ್ಷಣದಾಗ ಕೆಂಪಗ ಕಾಯತೈತಿ, ಬೆರಳು ಸುತ್ತಲೂ ಸುಡತೈತಿ. ಇಂಥೋರಿಗೆ ನನ್ನ ಸಲಹೆ ಏನಂದ್ರ, ಲಗ್ನದ ಉಂಗುರ ಹರಳು ಇಲ್ಲದ್ದು, ದಿನಾ ತಗದು ಹಾಕಾಕ ಸಲೀಸ ಆಗೋವಂಥದ್ದು ಇರ್ಲಿ, ಡ್ಯೂಟಿಗೆ ಹಾಕ್ಕೊಳ್ಳಲೇಬೇಕು ಅನ್ನೋ ಆಸೆ ಇದ್ರ ಒಂದು ಸಿಲಿಕೋನ್ (ರಬ್ಬರಿನಂಥದ್ದು) ಉಂಗುರ ಇಟ್ಕೊಳ್ಳಿ, ಎಳದ್ರ ಹರಕೊಂಡು ಹೋಗತೈತಿ, ಬೆರಳು ಉಳೀತೈತಿ.

ಇನ್ನ ಹೊಲದಾಗ, ಕಟ್ಟಡದ ಕೆಲಸದಾಗ ಇರೋರು. ಇಲ್ಲಿ ಶತ್ರು ಮರಳು. ಗಡಸುತನ ಅಳಿಯೋ ಮೋಹ್ಸ್ ಸ್ಕೇಲಿನಾಗ ಬಂಗಾರ 2.5 ರಿಂದ 3, ಮರಳಿನೊಳಗಿನ ಕ್ವಾರ್ಟ್ಜ್ 7. ಅಂದ್ರ ಮರಳು ಮುಟ್ಟಿದಾಗೆಲ್ಲಾ ಬಂಗಾರ ಸವೀತೈತಿ, ಹುಬ್ಬಳ್ಳಿ ರೋಡಿನ ಧೂಳಾ ಸಾಕು ಅದಕ್ಕ.

ಸ್ಟೆಪ್ 2: ಬಂಗಾರ ಆದ್ರ ಎಷ್ಟು ಕ್ಯಾರಟ್?

ನಮ್ಮ ಮಂದಿ ಹತ್ತಕ್ಕ ಒಂಬತ್ತು ಜನ ಬಂಗಾರಕ್ಕ ಬರ್ತಾರ, ಅದಕ್ಕ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. 24 ಕ್ಯಾರಟ್ ಭಾಳ ಮೆತ್ತಗ, ಉಂಗುರಕ್ಕ ಬರಂಗಿಲ್ಲ. 22 ಅಂದ್ರ 91.6% ಬಂಗಾರ, ಉಳಿದಿದ್ದು ತಾಮ್ರ, ಬೆಳ್ಳಿ. 18 ಅಂದ್ರ 75%. ಬ್ಯಾರೆ ಲೋಹ ಹೆಚ್ಚು ಬೆರತಷ್ಟು ಬಂಗಾರ ಗಡಸ ಆಗತೈತಿ, ಹಂಗಾಗಿ ದಿನಾ ಹಾಕೋ ಗಂಡಸರ ಉಂಗುರಕ್ಕ 18 ಕ್ಯಾರಟ್ಟು 22 ಕ್ಕಿಂತ ಖಂಡಿತ ಚೊಲೊ, ಸೊಟ್ಟ ಆಗೋದು ಕಡಿಮಿ, ಸವಕಳಿ ಕಡಿಮಿ, ಹರಳು ಕುಂದ್ರಿಸಿದ್ರ ಹಲ್ಲು ಗಟ್ಟಿ ಹಿಡೀತಾವು.

ಆದ್ರ ಬೀಗರ ಮುಂದ 18 ಅಂತ ಹೇಳಿದ್ರ "ಕಮ್ಮಿ ಬಂಗಾರ ಕೊಟ್ರು" ಅನ್ನೋ ಮಾತು ಬರತೈತಿ, ಖರೇ ಅಡಚಣಿ ಇದು, ಮೆಟಲರ್ಜಿ ಅಲ್ಲ. ಇದಕ್ಕ ಲೆಕ್ಕದ ಉತ್ತರ ಐತಿ ನೋಡ್ರಿ. 22 ಕ್ಯಾರಟ್ಟಿನ 5 ಗ್ರಾಂ ಉಂಗುರದಾಗ ಅಪ್ಪಟ ಬಂಗಾರ 4.58 ಗ್ರಾಂ. ಅಷ್ಟ ಬಂಗಾರ 18 ಕ್ಯಾರಟ್ಟಿನಾಗ ಬೇಕಂದ್ರ ಉಂಗುರ 6.1 ಗ್ರಾಂ ಆಗತೈತಿ. ಅಂದ್ರ ಬಂಗಾರ ಅಷ್ಟ, ಮ್ಯಾಲಿಂದ ಉಂಗುರ ದಪ್ಪ, ಇನ್ನೂ ಹೆಚ್ಚು ಬಾಳಿಕಿ. ಮಜೂರಿ ತೂಕದ ಮ್ಯಾಲೆ ಹಾಕಿದ್ರ ಒಂದೀಟು ಹೆಚ್ಚಾಗಬಹುದು, ಅದನ್ನ ಮೊದಲ ಮಾತಾಡ್ಕೊಳ್ಳಿ. ಬೀಗರಿಗೆ ತೂಕ ಹೇಳ್ರಿ, ಕ್ಯಾರಟ್ ಬಿಲ್ಲಿನಾಗ ಇದ್ದೇ ಇರತೈತಿ.

ಹಿರೇರು ಒಪ್ಪಲೇ ಇಲ್ಲ ಅಂದ್ರ 22 ರಾಗ ಮಾಡಿಸ್ರಿ, ಏನ್ ಲೋಕ ಮುಳುಗಂಗಿಲ್ಲ, ಆದ್ರ ಸಾದಾ ಪಟ್ಟಿ ಉಂಗುರ, ದಪ್ಪ ಇರ್ಲಿ, ಒಳಗ ಪೊಳ್ಳು ಇರಬಾರ್ದು. ಹಗುರ ತೂಕದಾಗ ದೊಡ್ಡದು ಕಾಣಬೇಕು ಅಂತ ಪೊಳ್ಳು ಮಾಡಿದ ಉಂಗುರ ಒಂದ ಸಲ ಬಾಗಲಾಗ ಸಿಕ್ಕ್ರ ತಗ್ಗು ಬೀಳತೈತಿ, ಆ ತಗ್ಗು ಎತ್ತೋದು ಪತ್ತಾರರಿಗೂ ಕಷ್ಟ.

ವೈಟ್ ಗೋಲ್ಡ್ ಕೇಳೋರಿಗೆ ಒಂದ ಮಾತು. ಅದು ಬೆಳ್ಳಗ ಹೊಳಿಯೋದು ಮ್ಯಾಲಿನ ರೋಡಿಯಂ ಅನ್ನೋ ಬಿಳಿ ಲೋಹದ ಕೋಟಿಂಗಿನಿಂದ, ಅದು ಸವದ ಮ್ಯಾಲೆ ಒಳಗಿನ ನಸು ಹಳದಿ ಕಾಣಾಕ ಹತ್ತತೈತಿ, ಮತ್ತ ಕೋಟಿಂಗ್ ಹಾಕಿಸ್ಬೇಕು. ಕೆಲವೊಂದರಾಗ ನಿಕ್ಕಲ್ ಇರತೈತಿ, ವಾಚಿನ ಬೆಲ್ಟು, ಪ್ಯಾಂಟಿನ ಗುಂಡಿ ತಾಗಿದಲ್ಲಿ ಕಡತ ಬರೋ ಮೈಯಾದ್ರ ಇದು ಬ್ಯಾಡ.

ಸ್ಟೆಪ್ 3: ಬಂಗಾರ ಬ್ಯಾಡ ಅನ್ನೋರಿಗೆ

ಪ್ಲಾಟಿನಂ ಛಲೋ ಮೆಟಲ್, ಅದರಾಗ ಎರಡ ಮಾತಿಲ್ಲ. 95% ಶುದ್ಧ ಇರತೈತಿ, ಒಳಗ 950 ಅಂತ ಮುದ್ರಿ ಇರತೈತಿ. ಗೀಚ್ ಬೀಳಂಗಿಲ್ಲ ಅಂತ ಸೇಲ್ಸಿನೋರು ಹೇಳಿದ್ರ ನಂಬಬ್ಯಾಡ್ರಿ, ಬೀಳ್ತಾವು. ಫರಕ ಏನಂದ್ರ ಬಂಗಾರ ಗೀಚಿದ್ರ ಚೂರು ಉದರಿ ಹೋಗತೈತಿ, ಪ್ಲಾಟಿನಂ ಗೀಚಿದ್ರ ಮೆಟಲ್ ಬಾಜೂಕ ಸರೀತೈತಿ, ತೂಕ ಭಾಳ ಕಡಿಮಿ ಆಗಂಗಿಲ್ಲ, ಅದಕ್ಕ ವರ್ಷಗಟ್ಟಲೆ ಹಾಕಿದ್ರೂ ಹೊಳಪು ಮಾಸತೈತಿ ಹೊರತು ಉಂಗುರ ತೆಳ್ಳಗಾಗೋದು ಕಡಿಮಿ. ತೊಂದ್ರಿ ಇರೋದು ರಿಪೇರಿಯೊಳಗ. ಬಂಗಾರ ಕರಗೋದು 1064 ಡಿಗ್ರಿ ಸೆಲ್ಸಿಯಸ್ಸಿಗೆ, ಪ್ಲಾಟಿನಂ 1768 ಕ್ಕ. ಓಣಿಯ ಪತ್ತಾರರ ಟಾರ್ಚಿಗೆ ಅದು ಬಗ್ಗಂಗಿಲ್ಲ, ತಗೊಂಡ ಅಂಗಡಿಗೇ ಒಯ್ಯಬೇಕು, ಅವರು ಬ್ಯಾರೆ ಊರಿಗೆ ಕಳಿಸಬಹುದು. ಮತ್ತೊಂದು, ಗ್ರಾಂ ರೇಟ್ ನೋಡಿ ಅಗ್ಗ ಅನಬ್ಯಾಡ್ರಿ, ಅದು ಭಾರ ಮೆಟಲ್. 18 ಕ್ಯಾರಟ್ ಬಂಗಾರದಾಗ 6 ಗ್ರಾಂ ಆಗೋ ಉಂಗುರ ಅದ ಅಳತಿ, ಅದ ದಪ್ಪಕ್ಕ ಪ್ಲಾಟಿನಮ್ಮಿನಾಗ ಹತ್ರತ್ರ 8 ಗ್ರಾಂ ಆಗತೈತಿ. ವಾಪಸ್ ಕೊಡೋ ಮುಂದ ಎಷ್ಟು ಕಡೀತೀರಿ ಅನ್ನೋದನ್ನ ತಗೊಳ್ಳೋವಾಗ್ಲೇ ಬರಿಸ್ಕೊಳ್ರಿ.

ಟೈಟೇನಿಯಂ ಉಲ್ಟಾ, ಅದ ಉಂಗುರ ಎರಡು ಗ್ರಾಂನೂ ತೂಗಂಗಿಲ್ಲ, ಹಾಕ್ಕೊಂಡಿದ್ದ ಗೊತ್ತಾಗಂಗಿಲ್ಲ. ಬೆವರು, ಉಪ್ಪು ಯಾವುದಕ್ಕೂ ಜಗ್ಗಂಗಿಲ್ಲ, ಅಲರ್ಜಿ ಇರೋರಿಗೂ ನಡೀತೈತಿ, ಎಲುಬು ಮುರದಾಗ ಒಳಗ ಹಾಕೋ ಪ್ಲೇಟು, ಸ್ಕ್ರೂ ಮಾಡೋದೂ ಇದರಾಗ. ಆದ್ರ ಬೆಸುಗಿ ಹಾಕಿ ಸೈಜ್ ಹೆಚ್ಚು ಮಾಡೋ ಮಾತಿಲ್ಲ, ಬೆರಳು ದಪ್ಪ ಆದ್ರ ಹೊಸಾದ್ದ ತಗೋಬೇಕು. ಮಾರಿದ್ರ ರೊಕ್ಕ ಬರಂಗಿಲ್ಲ. 316ಎಲ್ ಅನ್ನೋ ತುಕ್ಕು ಹಿಡಿಯದ ಸ್ಟೀಲಿಂದೂ ಸೈಜು, ರೊಕ್ಕದ ಲೆಕ್ಕದಾಗ ಹೆಚ್ಚುಕಡಿಮಿ ಇದ ಕತಿ, ಇನ್ನೂ ಅಗ್ಗ. ನನ್ನ ಪ್ರಕಾರ ಇವೆರಡೂ ಎರಡನೇ ಉಂಗುರಕ್ಕ, ಟ್ರೆಕ್ಕಿಂಗು, ಪ್ರವಾಸ, ಹೊಲದ ಓಡಾಟಕ್ಕ ಛಲೋ. ಶಾಸ್ತ್ರದಾಗ ಅಳಿಯನ ಬೆರಳಿಗೆ ಸ್ಟೀಲ್ ಹಾಕೋ ಮಾವ ಇನ್ನೂ ನಮ್ಮ ಜಿಲ್ಲೆಯೊಳಗ ಹುಟ್ಟಿಲ್ಲ ಬಿಡ್ರಿ.

ಟಂಗ್‌ಸ್ಟನ್ ಅಂತ ಮಾರೋದು ಖರೇ ಅಂದ್ರ ಟಂಗ್‌ಸ್ಟನ್ ಕಾರ್ಬೈಡ್, ಲೇಥ್ ಟೂಲಿನ ತುದಿಗೆ ಹಾಕೋ ಅದ ಮಾಲು, ವರ್ಕ್‌ಶಾಪಿನೋರಿಗೆ ಗೊತ್ತಿರತೈತಿ. ಪುಡಿಯನ್ನ ನಿಕ್ಕಲ್ ಇಲ್ಲಾ ಕೋಬಾಲ್ಟ್ ಜೊತಿ ಒತ್ತಿ ಕಾಸಿ ಮಾಡಿದ್ದು. ಗಡಸುತನ 9 ರ ಸುತ್ತ, ಮರಳು ಏನೂ ಮಾಡಂಗಿಲ್ಲ, ಐದು ವರ್ಷ ಆದ್ರೂ ಅಂಗಡಿಯಿಂದ ತಂದಂಗ ಇರತೈತಿ. ಆದ್ರ ಜೋರಾಗಿ ಗ್ರಾನೈಟ್ ಮ್ಯಾಲೆ ಬಿದ್ರ ಪಿಂಗಾಣಿ ಕಪ್ಪಿನಂಗ ಒಡದು ಹೋಗಬಹುದು. ಸೈಜ್ ಬದಲಿ ಮಾಡೋದು ಆಗಂಗ ಇಲ್ಲ. ಬೆರಳು ಬಾತು ಸಿಕ್ಕೊಂಡ್ರ ಮಾಮೂಲಿ ರಿಂಗ್ ಕಟರ್ ನಡಿಯಂಗಿಲ್ಲ, ಲಾಕಿಂಗ್ ಪ್ಲೈಯರ್ ಹಾಕಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ ಒಡಿಬೇಕು, ಅದನ್ನ ಬಲ್ಲೋರ ಕೈಯಾಗ ಮಾಡಿಸ್ಬೇಕು. ಲಗ್ನದ ಉಂಗುರಕ್ಕ ನಾನಂತೂ ಇದನ್ನ ಹೇಳಂಗಿಲ್ಲ.

ಬೆಳ್ಳಿ ಮೆತ್ತಗ, ಗಾಳಿಯೊಳಗಿನ ಗಂಧಕದ ಅಂಶಕ್ಕ ಕರ್ರಗಾಗತೈತಿ, ತಿಕ್ಕಿದ್ರ ಹೋಗತೈತಿ. ತಾಮ್ರ ಬೆರಳು ಹಸರ ಮಾಡತೈತಿ. ಪಂಚಲೋಹ ನಂಬಿಕಿಗೆ ಹಾಕೋರು ಹಾಕ್ಲಿ, ಬಾಳಿಕಿ ಲೆಕ್ಕದಾಗ ತರಬ್ಯಾಡ್ರಿ.

ಸ್ಟೆಪ್ 4: ದಪ್ಪ, ಡಿಸೈನು, ಅಳತಿ

ಮೆಟಲ್ ಎಷ್ಟ ಛಲೋ ಇದ್ರೂ ತೆಳು ಮಾಡಿಸಿದ್ರ ಸೊಟ್ಟ ಆಗೋದ. ಪಟ್ಟಿ 4 ರಿಂದ 6 ಮಿಲಿಮೀಟರ್ ಅಗಲ, ದಪ್ಪ ಒಂದೂವರಿ ಮಿಲಿಮೀಟರಿಗಿಂತ ಕಡಿಮಿ ಬ್ಯಾಡ. ಅಂಗೈ ಕಡೆ ಉಂಗುರದ ಕೆಳಭಾಗ ನೋಡ್ರಿ, ಸವಿಯೋದು ಅಲ್ಲೇ, ಆದ್ರ ತೂಕ ಉಳಿಸಾಕ ತೆಳ್ಳಗ ಮಾಡೋದೂ ಅಲ್ಲೇ. ಹೆಸರು ಕೆತ್ತಿಸೋದು ಒಳಗಿನ ಬಾಜೂಕ ಇರ್ಲಿ, ಹೊರಗ ಇದ್ರ ಅಳಸಿ ಹೋಗತೈತಿ. ಹರಳು ಬೇಕೇಬೇಕಂದ್ರ ಮ್ಯಾಲೆದ್ದ ಹಲ್ಲಿನದು ಬಿಟ್ಟು ಸುತ್ತಲೂ ಪಟ್ಟಿ ಕಟ್ಟಿ ಒಳಗ ಕುಂದ್ರಿಸಿದ್ದು ತಗೊಳ್ರಿ, ಟವೆಲ್ಲಿಗೆ ಸಿಕ್ಕಂಗಿಲ್ಲ.

ಅಳತಿ ಸಂಜಿಕ ಕೊಡ್ರಿ. ಮುಂಜಾನೆ ಥಂಡಿಯೊಳಗ ಬೆರಳು ಸಣ್ಣ ಇರತೈತಿ, ಏಪ್ರಿಲ್-ಮೇ ಬಿಸಲಾಗ ಬಾತಿರತೈತಿ, ಲಗ್ನದ ಸೀಸನ್ನೂ ಅದ. ಗೆಣ್ಣು ದಾಟೋವಾಗ ಸ್ವಲ್ಪ ಬಿಗಿ ಅನಿಸ್ಬೇಕು, ದಾಟಿದ ಮ್ಯಾಲೆ ಆರಾಮ ತಿರುಗಬೇಕು. ಹುಡುಗ ಬೆಂಗಳೂರಾಗೋ ಪುಣೆದಾಗೋ ಇದ್ದಾನ ಅಂತ ಅಂದಾಜಿನ ಮ್ಯಾಲೆ ದೊಡ್ಡದು ಮಾಡಿಸಿ ಆಮ್ಯಾಲ ಕೆಳಗ ದಾರ ಸುತ್ತಿ ಹಾಕ್ಕೊಳ್ಳೋದು ನಮ್ಮ ಕಡೆ ಮಾಮೂಲು, ಆ ದಾರದಾಗ ಸಾಬಾನು, ಬೆವರು, ಅರಿಶಿಣ ಎಲ್ಲಾ ಕುಂತು ಬೆರಳಿಗೆ ಕಡತ ಸುರು ಆಗತೈತಿ. ಬಂಗಾರದ್ದು ಆದ್ರ ಕತ್ತರಿಸಿ ಬೆಸಿಯೋದು ಸಣ್ಣ ಕೆಲಸ, ಪತ್ತಾರರ ಕಡೆ ಒಯ್ಯಾಕ ಯಾಕ ಮೈಗಳ್ಳತನ?

ಸ್ಟೆಪ್ 5: ಮುದ್ರಿ ಮತ್ತು ಬಿಲ್ಲು

ಬಂಗಾರಕ್ಕ ಮೂರು ಗುರ್ತು ಇರ್ಬೇಕು: ಬಿಐಎಸ್ (ಸರಕಾರದ ಗುಣಮಟ್ಟ ನೋಡೋ ಸಂಸ್ಥೆ) ಲೋಗೋ, ಶುದ್ಧತಿ (22 ಕ್ಕ 916, 18 ಕ್ಕ 750), ಮತ್ತ ಒಂದೊಂದ ಒಡವಿಗೂ ಬ್ಯಾರೆ ಬ್ಯಾರೆ ಇರೋ ಗುರ್ತಿನ ನಂಬರ್, ಅಂದ್ರ ಆರು ಅಕ್ಷರ-ಅಂಕಿಯ ಎಚ್‌ಯುಐಡಿ. 2023ರ ಏಪ್ರಿಲ್ 1 ರಿಂದ ಹಾಲ್‌ಮಾರ್ಕ್ ಒಡವಿ ಅಂದ್ರ ಎಚ್‌ಯುಐಡಿ ಇರಲೇಬೇಕು. ಫೋನಿನಾಗ ಬಿಐಎಸ್ ಕೇರ್ ಆ್ಯಪ್ ಹಾಕ್ಕೊಂಡು ಅಂಗಡಿಯೊಳಗ ಕುಂತಲ್ಲೇ ಆ ನಂಬರ್ ಹೊಡೀರಿ, ಒಡವಿ ಯಾವ್ದು, ಶುದ್ಧತಿ ಎಷ್ಟು ಅಂತ ತೋರಿಸತೈತಿ, ಚೈನ್ ಅಂತ ಬಂದ್ರ ಉಂಗುರ ವಾಪಸ್ ಕೊಡ್ರಿ. ಮುಂದ ಎಂದಾದ್ರೂ ಟೆಸ್ಟಿನಾಗ ಶುದ್ಧತಿ ಕಡಿಮಿ ಬಂದ್ರ ಆ ಕೊರತಿಯ ಬೆಲೆಯ ಎರಡು ಪಟ್ಟು ಪರಿಹಾರ ಕೇಳಾಕ ಬಿಐಎಸ್ ರೂಲ್ಸಿನಾಗ ಅವಕಾಶ ಐತಿ, ಆದ್ರ ಬಿಲ್ ಬೇಕು. ಚೀಟಿ ಮ್ಯಾಲೆ ಬರದು ಕೊಡ್ತೀನಿ ಅಂದ್ರ ಒಪ್ಪಬ್ಯಾಡ್ರಿ. ಬಿಲ್ಲಿನಾಗ ತೂಕ, ಕ್ಯಾರಟ್, ಮಜೂರಿ ಬ್ಯಾರೆ ಬ್ಯಾರೆ ಇರ್ಲಿ, ಹರಳಿನ ತೂಕ ಬಂಗಾರದಾಗ ಸೇರಿಸಿರಬಾರ್ದು.

ಕಡೀ ಮಾತು: ಬೆರಳಾಗ ಸಿಕ್ಕೊಂಡ್ರ

ಕೈ ಮ್ಯಾಲೆತ್ತಿ ಹಿಡೀರಿ, ಸ್ವಲ್ಪ ಹೊತ್ತು ತಣ್ಣೀರಾಗ ಇಡ್ರಿ, ಸಾಬಾನೋ ಎಣ್ಣಿಯೋ ಹಚ್ಚಿ ತಿರುವುತ್ತಾ ತಗೀರಿ. ಬರ್ಲಿಲ್ಲ ಅಂದ್ರ ತೆಳು ದಾರದ ಒಂದು ತುದಿ ಉಂಗುರದ ಕೆಳಗಿಂದ ಅಂಗೈ ಕಡೆ ತೂರಿಸಿ, ಉಳಿದ ದಾರಾನ ಉಂಗುರದಿಂದ ಗೆಣ್ಣು ದಾಟೋ ಮಟ ಒತ್ತೊತ್ತಾಗಿ ಸುತ್ತಿ, ಆಮ್ಯಾಲ ಅಂಗೈ ಕಡೆಯ ತುದಿ ಹಿಡದು ಬಿಚ್ಚುತ್ತಾ ಹೋಗ್ರಿ, ಉಂಗುರ ಅದರ ಜೋಡಿ ಮುಂದ ಸರೀತೈತಿ. ಬೆರಳು ನೀಲಿ ಆಗಿದ್ರ, ಸ್ಪರ್ಶ ಗೊತ್ತಾಗ್ಲಿಲ್ಲ ಅಂದ್ರ ಇದೇನೂ ಮಾಡ್ಕೋತ ಕುಂದ್ರಬ್ಯಾಡ್ರಿ, ಸೀದಾ ಆಸ್ಪತ್ರಿಗೆ ಹೋಗ್ರಿ, ಕಟರ್ ಹಚ್ಚಿ ಕತ್ತರಿಸ್ತಾರ. ಬಂಗಾರದ್ದಾದ್ರ ಕತ್ತರಿಸಿದ ತುಂಡು ಪತ್ತಾರರ ಕಡೆ ಕೊಡ್ರಿ, ಬಾವು ಇಳಿದ ಮ್ಯಾಲೆ ಹೊಸಾ ಅಳತಿಗೆ ಬೆಸದು ಕೊಡ್ತಾರ.