ಹೋರಾಟದ ಪುಟ, ವಾಟ್ಸಾಪ್ ಗುಂಪು ಬೇರೆಯವರ ಪಾಲಾಗದಂತೆ ಕಾಯುವುದು

ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಇರಲಿ, ಅಡಿಕೆಯ ಎಲೆಚುಕ್ಕಿ ರೋಗ ಇರಲಿ, ಸಾಗರ, ಹೊಸನಗರದ ಕಡೆ ಸಭೆಗೆ ಕರೆ ಹೋಗುವುದು ಈಗ ವಾಟ್ಸಾಪ್, ಫೇಸ್‌ಬುಕ್‌ನಲ್ಲೇ. ಅದು ಬೇರೆಯವರ ಕೈ ಸೇರಿತೆಂದರೆ ನಿಮ್ಮ ಹೆಸರಲ್ಲೇ ಸುಳ್ಳು ಹೊರಡುತ್ತದೆ. 2013ರ ಏಪ್ರಿಲ್ 23ರಂದು ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಟ್ವಿಟರ್ ಖಾತೆಯಿಂದ ಶ್ವೇತಭವನದಲ್ಲಿ ಸ್ಫೋಟ ಎಂಬ ಸುಳ್ಳು ಹೊರಟು, ಅಮೆರಿಕದ ಷೇರುಪೇಟೆ ನಿಮಿಷಗಳಲ್ಲಿ ಕುಸಿದು ಎದ್ದಿತು. ಅದು ತನ್ನದೇ ಕೆಲಸ ಎಂದು ಹೇಳಿಕೊಂಡದ್ದು ಸಿರಿಯನ್ ಎಲೆಕ್ಟ್ರಾನಿಕ್ ಆರ್ಮಿ ಎಂಬ ಹ್ಯಾಕರ್‌ಗಳ ಗುಂಪು. ಸ್ವಲ್ಪ ಮುಂಚೆ ಸುದ್ದಿಸಂಸ್ಥೆಯ ಸಿಬ್ಬಂದಿಗೆ ಮೋಸದ ಲಿಂಕಿನ ಇಮೇಲ್ ಬಂದಿತ್ತು.

ಫೇಸ್‌ಬುಕ್ ಪುಟದ ಪೂರ್ತಿ ಅಧಿಕಾರ ಇಬ್ಬರಿಗೆ ಸಾಕು. ಒಬ್ಬರಿಗೇ ಬಿಟ್ಟರೆ ಅವರ ಖಾತೆ ಹೋದ ದಿನ ಪುಟವೂ ಹೋಯಿತು. ಇಬ್ಬರೂ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಖ್ಯೆ ಕೇಳುವುದು) ಹಾಕಿಕೊಳ್ಳಲೇಬೇಕು, ಅದೂ ಎಸ್‌ಎಂಎಸ್‌ಗೆ ಬದಲು ಅಥೆಂಟಿಕೇಟರ್ ಆ್ಯಪ್‌ನಿಂದ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ಒಟಿಪಿ ಬರುವುದಿಲ್ಲ. ಆ್ಯಪ್ ಸಿಗ್ನಲ್ ಇಲ್ಲದೆಯೂ 30 ಸೆಕೆಂಡಿಗೊಂದು ಹೊಸ ಸಂಖ್ಯೆ ಕೊಡುತ್ತದೆ. ಫೋನಿನ ಗಡಿಯಾರ ಹಿಂದೆಮುಂದಾದರೆ ಮಾತ್ರ ಆ ಸಂಖ್ಯೆ ನಡೆಯದು, ಸಮಯವನ್ನು ಆಟೋಮ್ಯಾಟಿಕ್‌ಗೆ ಇಡಿ. ಜೊತೆಗೆ ಸಿಗುವ, ಫೋನ್ ಕಳೆದುಹೋದರೆ ಒಳಹೋಗಲು ನೆರವಾಗುವ ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಡಿ. ನಮ್ಮ ಥಂಡಿಗೆ ಶಾಯಿ ಹರಡಿಬಿಡುತ್ತದೆ. ಒಂದು ಕೋಡ್ ಒಂದೇ ಸಲ ನಡೆಯುವುದು, ಬಳಸಿದ್ದನ್ನು ಹೊಡೆದುಹಾಕಿ.

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ 6 ಅಂಕಿಯ ಪಿನ್ ಹಾಕಿ, ಇಮೇಲೂ ಕೊಡಿ. ಲಿಂಕ್ಡ್ ಡಿವೈಸಸ್‌ನಲ್ಲಿ ಗುರುತಿಲ್ಲದ ಫೋನ್, ಕಂಪ್ಯೂಟರ್ ಕಂಡರೆ ಲಾಗ್ಔಟ್ ಮಾಡಿ. ಗುಂಪಿಗೆ ಮದುವೆ ಕಾಗದ, ಆರ್‌ಟಿಒ ಚಲನ್ ಎಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ, ಕಳಿಸಿದವರು ಗುರುತಿನವರೇ ಆದರೂ ಒತ್ತಬೇಡಿ. ಇನ್‌ಸ್ಟಾಲ್ ಆದರೆ ಅದು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಒಟಿಪಿ ಎಲ್ಲ ಅವರ ಕೈಗೆ. ಆಗಿಹೋಗಿದ್ದರೆ ತಕ್ಷಣ ಫ್ಲೈಟ್ ಮೋಡ್ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ಸಿಟ್ಟಿನ ಹೊತ್ತಲ್ಲಿ ಇನ್ನೊಂದು ಬರುತ್ತದೆ: ಇದನ್ನು ಒತ್ತಿ, ಅವರ ವೆಬ್‌ಸೈಟ್ ಬೀಳಿಸೋಣ ಎಂಬ ಕರೆ. ದಯವಿಟ್ಟು ಹುಡುಗರನ್ನು ಇದರಿಂದ ದೂರವಿಡಿ. 2010ರಲ್ಲಿ ಅನಾನಿಮಸ್ ಎಂಬ ಹ್ಯಾಕರ್ ಗುಂಪಿನ ಕರೆಗೆ ಓಗೊಟ್ಟು ಹಣ ಪಾವತಿಯ ಕಂಪನಿ ಪೇಪಾಲ್ ಮೇಲೆ ದಾಳಿಗಿಳಿದವರು ಬಳಸಿದ, ಸೈಟಿಗೆ ಒಂದೇ ಸಮನೆ ಬೇಡಿಕೆ ಸುರಿಯುವ ಲೋಯಿಕ್ ತಂತ್ರಾಂಶ ಅವರ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅವರನ್ನು ಗುರುತಿಸುವ ಸಂಖ್ಯೆ) ಮುಚ್ಚುತ್ತಿರಲಿಲ್ಲ. ಎಷ್ಟೋ ಜನ ಬಂಧನಕ್ಕೊಳಗಾದರು. ನಮ್ಮಲ್ಲಿ ಇಂಥ ದಾಳಿಗೆ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ವಾಟ್ಸಾಪ್ ಕೈತಪ್ಪಿದರೆ ನಿಮ್ಮ ಸಿಮ್ ಇರುವ ಫೋನಿನಲ್ಲೇ ಮತ್ತೆ ರಿಜಿಸ್ಟರ್ ಮಾಡಿ. ಎಸ್‌ಎಂಎಸ್ ಕೋಡ್ ಹಾಕಿದೊಡನೆ ಕಳ್ಳ ಹೊರಬೀಳುತ್ತಾನೆ. ಅವನು ಪಿನ್ ಹಾಕಿಟ್ಟಿದ್ದರೆ ನೀವು 7 ದಿನ ಕಾಯಬೇಕಾದೀತು. ಅಷ್ಟರೊಳಗೆ ಇನ್ನೊಬ್ಬ ಅಡ್ಮಿನ್ ಆ ನಂಬರನ್ನು ಗುಂಪಿನಿಂದ ತೆಗೆದಿಡಲಿ.