ಹೆಸರು ಅದೇ, ಬ್ರೇಕ್ ಬೇರೆ

ನನ್ನ ಹಳೆಯ ಕಾರಿಗೆ ಹೊಸ ಬ್ರೇಕ್ ಪ್ಯಾಡ್‌ಗಳು ಕ್ಯಾಲಿಪರ್‌ನಲ್ಲಿ, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ಡಿಸ್ಕಿಗೆ ಪ್ಯಾಡನ್ನು ಒತ್ತುವ ಹಿಡಿಕೆಯಲ್ಲಿ, ಕೂರಲೇ ಇಲ್ಲ. ಪೆಟ್ಟಿಗೆಯ ಮೇಲೆ ಕಾರಿನ ಹೆಸರು, ವರ್ಷ ಎರಡೂ ಸರಿಯಾಗಿದ್ದವು. ಉಜ್ಜಿ ಕೂರಿಸಿಬಿಡೋಣ ಎಂಬ ಸಲಹೆಯೂ ಬಂತು. ಬ್ರೇಕ್ ವಿಷಯದಲ್ಲಿ ಅಂಥ ಜಾಣತನ ಬೇಡ.

ಚಕ್ರ ಬಿಚ್ಚಿ ನೋಡಿದಾಗ ಉತ್ತರ ಸಿಕ್ಕಿತು. ನನ್ನದರಲ್ಲಿರುವುದು ನಡುವೆ ಗಾಳಿಗಿಂಡಿಗಳಿರುವ ದಪ್ಪ ಡಿಸ್ಕ್. ತಂದ ಪ್ಯಾಡ್ ಅದೇ ಕಾರಿನ ಮೊದಲಿನ ತಯಾರಿಕೆಯ, ಗಾಳಿಗಿಂಡಿಗಳಿಲ್ಲದ ತೆಳು ಡಿಸ್ಕಿನದು. ತಯಾರಕರು ವರ್ಷದ ನಡುವೆಯೇ ಭಾಗಗಳನ್ನು ಬದಲಿಸುವುದುಂಟು. ನೋಂದಣಿಯ ವರ್ಷವಂತೂ ತಯಾರಿಕೆಯ ವರ್ಷವೇ ಆಗಿರಬೇಕೆಂದಿಲ್ಲ.

ಕಾರಿನ ಗುರುತಾದ, ಅಕ್ಷರ-ಅಂಕಿ ಸೇರಿ 17 ಇರುವ ಚಾಸಿ ಸಂಖ್ಯೆಯನ್ನು ಬಿಡಿಭಾಗಗಳ ಪಟ್ಟಿಯಲ್ಲಿ ಹುಡುಕಿಸಿ, ಡಿಸ್ಕಿನ ವ್ಯಾಸ, ದಪ್ಪವನ್ನು ಅಳೆದು ತಾಳೆ ನೋಡಿದೆ. ಹಳೆಯ ಪ್ಯಾಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದೆ. ಈ ಬಾರಿ ತಂದ ಪ್ಯಾಡ್‌ಗಳು ಸುತ್ತಿಗೆಯ ಸಹಾಯವಿಲ್ಲದೆ ಕುಳಿತವು. ಕ್ಲಚ್ ಕೇಬಲ್ ಕೊಳ್ಳುವ ಮುನ್ನವೂ ಇದೇ ಪರೀಕ್ಷೆ ಮಾಡಲಿದ್ದೇನೆ.